ಮೇಜಿಗೆ ಯಾವ ಹಲಗೆ?

ಅಕ್ಕಂದಿರೇ, ಚಪಾತಿ ಮಣೆ ಸೊಟ್ಟಗಿದ್ದರೆ ಏನಾಗುತ್ತೆ? ಚಪಾತಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಮರದ ಕೆಲಸದ ಮೇಜೂ ಹಾಗೇನೇ.

ನಮ್ಮ ಸಂಘದಲ್ಲಿ ಫೋಟೋ ಚೌಕಟ್ಟು ಮಾಡುತ್ತೇವೆ. ಚೌಕಟ್ಟಿನ ಹಿಂದೆ ಗಾಜು ಕೂರಲು ಜಾಡು ಬೇಕು. ಉಳಿ ಹಿಡಿದು ಜಾಡು ತೆಗೆದರೆ ಹೊತ್ತು ಮುಳುಗುತ್ತದೆ. ಅದಕ್ಕೇ ಸಾಲ ಮಾಡಿ ರೌಟರ್ ಎಂಬ ಕರೆಂಟಿನ ಯಂತ್ರ ತಂದೆವು. ಅದರ ತುದಿಯಲ್ಲಿ ಬೆರಳಿನಷ್ಟು ಬ್ಲೇಡು. ನಿಮಿಷಕ್ಕೆ 20,000 ಸುತ್ತಿಗೂ ಹೆಚ್ಚು ತಿರುಗುತ್ತದೆ. ಯಂತ್ರವನ್ನು ಮೇಜಿನ ಅಡಿಗೆ ತಲೆಕೆಳಗಾಗಿ ಬಿಗಿಯಬೇಕು. ಮೇಜಿನ ತೂತಿನಿಂದ ಬ್ಲೇಡು ಮೇಲೆ ಇಣುಕುತ್ತದೆ. ಮರದ ಪಟ್ಟಿಯನ್ನು ಮೇಜಿನ ಮೇಲೆ ತಳ್ಳಿದರೆ ಜಾಡು ಬೀಳುತ್ತದೆ.

ಮೇಜನ್ನು ನಾವೇ ಮಾಡಿದೆವು. ಮನೆಯಲ್ಲಿ ಬಿದ್ದಿದ್ದ ಮಾವಿನ ಹಲಗೆ ಹಾಕಿದೆವು. ಬೇಸಿಗೆಯಲ್ಲಿ ಚೆನ್ನಾಗೇ ಇತ್ತು. ಮಳೆ ಹಿಡಿದ ಮೇಲೆ ಹಲಗೆ ಬಾಣಲೆ ಥರ ಬಗ್ಗಿತು. ಜಾಡು ಒಂದು ಕಡೆ ಆಳ, ಇನ್ನೊಂದು ಕಡೆ ಇಲ್ಲವೇ ಇಲ್ಲ. 22 ಚೌಕಟ್ಟು ವಾಪಸ್ಸು ಬಂದವು. ಆ ತಿಂಗಳ ಕಂತು ಕಟ್ಟಲು ಒಬ್ಬ ಅಕ್ಕ ಕಿವಿಯ ಓಲೆ ಅಡವಿಟ್ಟರು.

ಹಲಗೆ ಯಾಕೆ ಬಗ್ಗಿತು? ಕಡಿದ ಮರವೂ ನೀರು ಕುಡಿಯೋದು ಬಿಡುವುದಿಲ್ಲ. ತೇವದ ಗಾಳಿಯಲ್ಲಿ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಉದ್ದಕ್ಕೆ ಅಷ್ಟಾಗಿ ಇಲ್ಲ, ಅಗಲಕ್ಕೆ ಜಾಸ್ತಿ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗೋದು ಇದರಿಂದಲೇ.

ಹೊಸ ಹಲಗೆಗೆ ಅಂಗಡಿಗೆ ಹೋದೆವು. ಮೊದಲು ಪಾರ್ಟಿಕಲ್ ಬೋರ್ಡ್ ತೋರಿಸಿದರು. ಅಗ್ಗ, ನೋಡಲು ನುಣುಪು. ಮರದ ಚೂರಿಗೆ ಅಂಟು ಕಲಸಿ ಒತ್ತಿದ್ದು ಅದು. ಒಂದು ತುಂಡು ಕೇಳಿ ತಂದು ರಾತ್ರಿ ಬಕೆಟ್ಟಿನಲ್ಲಿ ಹಾಕಿಟ್ಟೆವು. ಬೆಳಿಗ್ಗೆ ನೋಡಿದರೆ ನೆನೆದ ರಸ್ಕು! ಎಂ.ಡಿ.ಎಫ್. ಎಂಬ ಹಲಗೆ ಇದಕ್ಕಿಂತ ಮೇಲು, ಬಹಳ ಸಮತಟ್ಟು. ಆದರೆ ಅದಕ್ಕೂ ನೀರೆಂದರೆ ಆಗದು. ನಮ್ಮದೋ ಸೋರುವ ಕೊಟ್ಟಿಗೆ.

ಕಡೆಗೆ ಪ್ಲೈವುಡ್ ಆರಿಸಿದೆವು. ತೆಳು ಮರದ ಹಾಳೆಗಳನ್ನು ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ ಇಟ್ಟು ಅಂಟಿಸಿರುತ್ತಾರೆ. ಒಂದು ಪದರ ಹಿಗ್ಗಲು ಹೊರಟರೆ ಇನ್ನೊಂದು ಹಿಡಿದು ನಿಲ್ಲಿಸುತ್ತದೆ.

"ಇದು ವಾಟರ್‌ಪ್ರೂಫ್ ಕಣಮ್ಮಾ, ತಗೊಳ್ಳಿ" ಎಂದರು ಅಂಗಡಿಯವರು. ನಮ್ಮ ಜೊತೆ ಬಂದಿದ್ದ ಅಕ್ಕ ಬಗ್ಗಿ ಹಲಗೆಯ ಮುದ್ರೆ ನೋಡಿದರು. ಬೆರಳಿಟ್ಟು ನಿಧಾನವಾಗಿ ಓದಿದರು: ಮೂರು, ಸೊನ್ನೆ, ಮೂರು. ಪಕ್ಕದಲ್ಲಿ ಎಂ.ಆರ್. ಎಂದಿತ್ತು. ಅದು ಒಣ ಕೋಣೆಗೆ ಸಾಕು, ನೀರಿಗೆ ತಡೆಯದು. "710 ಇರೋದು ಕೊಡಿ ಅಣ್ಣಾ" ಎಂದರು ಅಕ್ಕ. 710 ಕುದಿಯುವ ನೀರಿಗೂ ಬಿಡದ ಅಂಟಿನ ಹಲಗೆ. ಬೆಲೆ ಹೆಚ್ಚು. ಐ.ಎಸ್.ಐ. ಗುರುತನ್ನೂ ನೋಡಿ ತಂದೆವು. ಆರು ತಿಂಗಳ ಹಿಂದೆ ಆ ಅಕ್ಕ ಹೆಬ್ಬೆಟ್ಟು ಒತ್ತುತ್ತಿದ್ದರು.

18 ಮಿಲಿಮೀಟರ್ ದಪ್ಪದ ಎರಡು ತುಂಡನ್ನು ಒಂದರ ಮೇಲೊಂದು ಅಂಟಿಸಿದೆವು. ಯಂತ್ರದ ಭಾರಕ್ಕೆ ನಡು ಜಗ್ಗಬಾರದಲ್ಲ! ಮೇಲೆ ಸನ್‌ಮೈಕಾ ಹಾಕಿದೆವು. ಅದು ಗಟ್ಟಿ, ಬೇಗ ಸವೆಯದು, ಮರ ಸಲೀಸಾಗಿ ಜಾರುತ್ತದೆ. ಹೂವಿನ ಉಬ್ಬು ಚಿತ್ರದ್ದು ಬೇಡ, ನುಣುಪಾದದ್ದೇ ಬೇಕು. ಅಡಿಭಾಗಕ್ಕೂ ಸನ್‌ಮೈಕಾ ಹಾಕಲೇಬೇಕು. ಕಾಣದ ಕಡೆ ಯಾಕೆ ದುಡ್ಡು ಅಂತೀರಾ? ಒಂದೇ ಕಡೆ ಹಾಕಿದರೆ ಇನ್ನೊಂದು ಕಡೆ ತೇವ ಕುಡಿದು ಮತ್ತೆ ಬಗ್ಗುತ್ತದೆ. ಅಂಚಿಗೆ ಬಣ್ಣ ಬಳಿಯಿರಿ. ಕಡಪ ಕಲ್ಲು ಹಾಕಿ ಎಂದವರೂ ಇದ್ದರು. ಸಮತಟ್ಟೇನೋ ಹೌದು, ಆದರೆ ಹೊರೋರ್ಯಾರು, ತೂತು ಕೊರೆಯೋರ್ಯಾರು?

ಮೇಜು ಸಮವಾಗಿದೆಯೇ ಎಂದು ತಿಂಗಳಿಗೊಮ್ಮೆ ನೋಡುತ್ತೇವೆ. ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಹಿಂದೆ ಟಾರ್ಚು ಹಿಡಿಯುತ್ತೇವೆ. ಅಡಿಯಿಂದ ಬೆಳಕು ತೂರಿದರೆ ಅಲ್ಲಿ ತಗ್ಗಿದೆ ಎಂದರ್ಥ. ಪಟ್ಟಿ ಜಾರದಿದ್ದರೆ ಮೇಣ ಸವರಿ ಒಣಬಟ್ಟೆಯಲ್ಲಿ ಉಜ್ಜುತ್ತೇವೆ. ಎಣ್ಣೆ ಬೇಡ, ಮರಕ್ಕೆ ಕಲೆ ಹಿಡಿಯುತ್ತದೆ. ಪಟ್ಟಿ ತಡೆದು ನಿಂತಾಗ ಜೋರಾಗಿ ತಳ್ಳಿದರೆ ಕೈ ಬ್ಲೇಡಿಗೆ ಹೋದೀತು. ಕೋಲಿನಿಂದ ತಳ್ಳಿ. ಸೆರಗು ಸಿಕ್ಕಿಸಿ, ಬಳೆ ತೆಗೆದಿಡಿ, ಜಡೆ ಮೇಲೆ ಕಟ್ಟಿ. ಬ್ಲೇಡು ಬದಲಿಸುವ ಮೊದಲು ಪ್ಲಗ್ಗು ಕೀಳಿ.

ಲೆಕ್ಕ ಮಾಡಿ: ಪ್ಲೈವುಡ್ ಹಾಳೆ 8 ಅಡಿ ಉದ್ದ, 4 ಅಡಿ ಅಗಲ. ನಮ್ಮ ಮೇಜು 3 ಅಡಿ ಉದ್ದ, 2 ಅಡಿ ಅಗಲ. ಒಂದು ಹಾಳೆಯಲ್ಲಿ ಇಂಥ ಎಷ್ಟು ತುಂಡು ಸಿಗುತ್ತವೆ? ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ನೋಡಿ. ನಮಗೆ 5 ಸಿಕ್ಕಿದವು. ಒಂದು ಮೇಜಿಗೆ 2 ತುಂಡು. ಹಾಗಾದರೆ ಎಷ್ಟು ಮೇಜು? ಉಳಿದದ್ದೆಷ್ಟು?