ಯಂತ್ರ ಕೊಳ್ಳುವ ಮುನ್ನ ನಕ್ಷೆ ಕೇಳಿ

ಹೈದರಾಬಾದಿನ ನಾಚಾರಂನಲ್ಲಿ ಎಲೆಕ್ಟ್ರಾನಿಕ್ಸ್ ರಿಪೇರಿಯನ್ನೇ ನೆಚ್ಚಿಕೊಂಡು ನನ್ನ ಸಂಸಾರ ನಡೆದಿದೆ. ಬೀದರಿನಿಂದ ಬಂದ ನನಗೆ ಈ ನಗರ ಪರಸ್ಥಳ ಎನಿಸಲಿಲ್ಲ. ಊರಿನ ದಖನಿ ಇಲ್ಲಿಯೂ ನಡೆಯುತ್ತಿತ್ತು, ತೆಲುಗನ್ನು ಗಿರಾಕಿಗಳೇ ಕಲಿಸಿದರು. ಈ ಕೆಲಸಕ್ಕೆ ಇಲ್ಲಿ ಒಳ್ಳೆಯ ನೆಲವೂ ಇತ್ತು. ಹತ್ತಿರದಲ್ಲೇ ಇಸಿಐಎಲ್. ಅಣುಶಕ್ತಿ ಇಲಾಖೆಯಡಿ 1967ರಲ್ಲಿ ಶುರುವಾದ ಈ ಸಂಸ್ಥೆ ಟಿಡಿಸಿ-12 ಕಂಪ್ಯೂಟರ್ ಮಾಡಿತು, ಇಸಿ ಟಿವಿ ಮಾಡಿತು, ಬೆಂಗಳೂರಿನ ಬಿಇಎಲ್‌ನಂತೆ ಮತಯಂತ್ರವನ್ನೂ ತಯಾರಿಸುತ್ತಿದೆ. ಕುಶಾಯಿಗುಡ, ಮಲ್ಲಾಪುರ, ಚೆರ್ಲಪಲ್ಲಿಯ ಕಡೆ ಸೋಲ್ಡರಿಂಗ್ ಬಲ್ಲ ಕೈಗಳಿಗೆ ಬರವಿರಲಿಲ್ಲ.

ನಾನು ಕಲಿತದ್ದು ಪಿಕ್ಚರ್ ಟ್ಯೂಬ್ ಟಿವಿಗಳ ಮೇಲೆ. ಕೋಠಿಯ ಗುಜರಾತಿ ಗಲ್ಲಿಗೆ ಹೋದರೆ ಐಸಿ, ಕಂಡೆನ್ಸರ್, ಇಎಚ್‌ಟಿ ಎಲ್ಲ ಸಿಗುತ್ತಿದ್ದವು. ಸರ್ಕ್ಯೂಟ್ ಡಯಾಗ್ರಂ ಪುಸ್ತಕಗಳೂ ಸಿಗುತ್ತಿದ್ದವು. ನಕ್ಷೆ ಮುಂದಿಟ್ಟುಕೊಂಡು, ಮಲ್ಟಿಮೀಟರ್ ಹಿಡಿದು, ವೋಲ್ಟೇಜ್ ಎಲ್ಲಿ ನಿಂತಿತು ಎಂದು ಹುಡುಕುತ್ತಾ ಹೋಗುವುದೇ ನಮ್ಮ ವಿದ್ಯೆ. ಚಪ್ಪಟೆ ಟಿವಿ ಬಂದ ಮೇಲೆ ಆ ವಿದ್ಯೆಗೆ ಬೆಲೆ ಇಳಿಯಿತು. ಪ್ಯಾನೆಲ್ ಹೋದರೆ ಹೊಸ ಟಿವಿಯೇ ವಾಸಿ, ಉಳಿದದ್ದಕ್ಕೆ ಬೋರ್ಡ್ ಬದಲಿಸು. ನಾನು ಮನೆಗಳನ್ನು ಬಿಟ್ಟು ಕೈಗಾರಿಕಾ ವಸಾಹತಿನ ಶೆಡ್ಡುಗಳ ಕಡೆ ತಿರುಗಿದೆ. ಅಲ್ಲಿ ಯಂತ್ರಗಳ ಹೊಟ್ಟೆಯೊಳಗೂ ಎಲೆಕ್ಟ್ರಾನಿಕ್ಸ್ ತುಂಬಿಕೊಳ್ಳುತ್ತಿತ್ತು.

ನಿಜವಾದ ಪಾಠ ಕಲಿಸಿದ್ದು 2020ರ ಲಾಕ್‌ಡೌನ್. ಕಂಪ್ಯೂಟರ್ ನಿಯಂತ್ರಣದಲ್ಲಿ ನಡೆಯುವ ಹಲವು ಸಿಎನ್‌ಸಿ ಲೇತ್‌ಗಳ ಕಂಟ್ರೋಲರಿನಲ್ಲಿ ಪುಟ್ಟದೊಂದು ಬ್ಯಾಟರಿ ಇರುತ್ತದೆ. ಕರೆಂಟ್ ಇಲ್ಲದಾಗ ಪ್ಯಾರಾಮೀಟರ್‌ಗಳನ್ನು, ಎಂದರೆ ಆ ಯಂತ್ರ ಹೇಗೆ ನಡೆಯಬೇಕೆಂಬ ಲೆಕ್ಕವನ್ನೆಲ್ಲ, ಮೆಮೊರಿಯಲ್ಲಿ ಉಳಿಸುವುದು ಅದೇ. ವಾರಗಟ್ಟಲೆ ಬೀಗ ಹಾಕಿದ್ದ ಶೆಡ್ಡುಗಳಲ್ಲಿ ಹಳೆಯ ಬ್ಯಾಟರಿಗಳು ಸತ್ತವು. ಬಾಗಿಲು ತೆರೆದು ಸ್ವಿಚ್ ಹಾಕಿದರೆ ಪರದೆಯ ತುಂಬ ಅಲಾರ್ಮ್. ಕಬ್ಬಿಣ ಗಟ್ಟಿಯಾಗಿದೆ, ಮೋಟಾರ್ ಸರಿಯಾಗಿದೆ, ಯಂತ್ರಕ್ಕೆ ಮಾತ್ರ ತಾನೇನು ಎಂಬುದೇ ಮರೆತಿದೆ. ಒಬ್ಬ ಮಾಲೀಕರು ಪ್ಯಾರಾಮೀಟರ್‌ಗಳನ್ನು ಕಾರ್ಡಿಗೆ ನಕಲು ಮಾಡಿ ಇಟ್ಟಿದ್ದರು. ಅವರ ಲೇತ್ ಅಂದೇ ಸಂಜೆ ತಿರುಗಿತು. ಇನ್ನೊಬ್ಬರ ಬಳಿ ಏನೂ ಇರಲಿಲ್ಲ. ಯಂತ್ರ ಮಾರಿದ ಕಂಪನಿಯವರು ಬರುವ ತನಕ ಕಾಯಬೇಕಾಯಿತು, ಅಷ್ಟರಲ್ಲಿ ಆರ್ಡರ್ ಬೇರೆಡೆಗೆ ಹೋಯಿತು. ಕೆಲಸಗಾರರಲ್ಲಿ ಕೆಲವರು ಊರಿಗೆ ಹೋದವರು ಮರಳಲಿಲ್ಲ.

ಲಕ್ಷಗಟ್ಟಲೆ ಕೊಟ್ಟು ಕೊಂಡ ಯಂತ್ರದ ಒಡೆತನ ಯಾರದು ಎಂಬ ಪ್ರಶ್ನೆ ಆಗಿನಿಂದ ನನ್ನನ್ನು ಬಿಟ್ಟಿಲ್ಲ. ಮೋಟಾರ್ ನಡೆಸುವ ಡ್ರೈವ್ ಕೆಟ್ಟರೆ ಎಷ್ಟೋ ಬಾರಿ ದೋಷ ಒಣಗಿದ ಕಂಡೆನ್ಸರ್ ಅಥವಾ ನಿಂತುಹೋದ ಫ್ಯಾನು. ಸರಿಪಡಿಸಲು ನೂರಾರು ರೂಪಾಯಿ ಸಾಕು. ಆದರೆ ಕಂಪನಿಯಿಂದ ಬರುವ ಉತ್ತರ, ಇಡೀ ಬೋರ್ಡ್ ಬದಲಿಸಿ. ಮೈಕ್ರೊಕಂಟ್ರೋಲರಿನ ಪ್ರೋಗ್ರಾಂಗೆ ಬೀಗ, ಬೋರ್ಡಿನ ನಕ್ಷೆ ಗುಟ್ಟು. ಇದನ್ನು ನಾನು ತಂತ್ರಜ್ಞಾನದ ತಪ್ಪೆನ್ನಲಾರೆ. ಇದೇ ತಂತ್ರಜ್ಞಾನದಿಂದ ಇಂದು ಬಹುತೇಕ ಐಸಿಗಳ ಡೇಟಾಶೀಟ್ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಜಹೀರಾಬಾದಿನಿಂದ, ಬೀದರಿನಿಂದ ಸುಟ್ಟ ಬೋರ್ಡಿನ ಫೋಟೊ ವಾಟ್ಸಾಪ್‌ನಲ್ಲಿ ನನ್ನ ಬೆಂಚಿಗೆ ಬರುತ್ತದೆ. ನಕ್ಷೆಯನ್ನು ಮುಚ್ಚಿಟ್ಟಿರುವುದು ವ್ಯಾಪಾರದ ಲೆಕ್ಕಾಚಾರ. ಅದರಿಂದ ನಷ್ಟ ನನಗೊಬ್ಬನಿಗಲ್ಲ. ಬೋರ್ಡ್ ಬದಲಿಸುವುದನ್ನಷ್ಟೇ ನೋಡಿ ಬೆಳೆಯುವ ಐಟಿಐ ಹುಡುಗರು ಸರ್ಕ್ಯೂಟ್ ಓದುವುದನ್ನು ಕಲಿಯುವುದಾದರೂ ಎಲ್ಲಿ?

ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಈ ನಾಲ್ಕು ವಲಯಗಳನ್ನು ಅದು ಹೆಸರಿಸಿತು. ಒಳ್ಳೆಯ ಹೆಜ್ಜೆ. ಆದರೆ ನಮ್ಮ ಶೆಡ್ಡುಗಳ ಲೇತ್, ಡ್ರೈವ್‌ಗಳಿಗೆ ಅಲ್ಲಿ ಪ್ರತ್ಯೇಕ ಜಾಗ ಸಿಗಲಿಲ್ಲ.

ಆದ್ದರಿಂದ ಬೆಂಗಳೂರಿನ ಪೀಣ್ಯವಾಗಲಿ, ನಾಚಾರಂ ಆಗಲಿ, ಸಣ್ಣ ಕಾರ್ಖಾನೆ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟು: ಯಂತ್ರದ ಆರ್ಡರ್ ಬರೆಯುವಾಗಲೇ ವೈರಿಂಗ್ ನಕ್ಷೆ, ಪ್ಯಾರಾಮೀಟರ್ ನಕಲು, ಯಂತ್ರವನ್ನು ನಿಯಂತ್ರಿಸುವ ಪಿಎಲ್‌ಸಿ ಪ್ರೋಗ್ರಾಂ ಕೊಡಬೇಕೆಂದು ಲಿಖಿತವಾಗಿ ಸೇರಿಸಿ, ಅವು ಕೈಸೇರುವವರೆಗೆ ಕೊನೆಯ ಕಂತು ಕೊಡಬೇಡಿ.