ಮಾತ್ರೆ ಬಿಡುವುದು ಸಾಕ್ಷಿಯಲ್ಲ, ಮಗಳೇ

ಪ್ರೀತಿಯ ಮಗಳೇ,

ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ಯಾರೋ ನಿನ್ನ ತಲೆಯ ಮೇಲೆ ಕೈಯಿಟ್ಟು, "ಇವತ್ತಿನಿಂದ ಮಾತ್ರೆ ಬಿಟ್ಟುಬಿಡು, ಮುಂದಿನ ವಾರ ಅದನ್ನೇ ಸಾಕ್ಷಿ ಹೇಳು" ಅಂದರಂತೆ. ಈ ಮಾತು ಕೇಳಿಸಿಕೊಂಡವಳು ನೀನೊಬ್ಬಳೇ ಅಲ್ಲ. ಅದಕ್ಕೇ ಎಲ್ಲರೂ ಓದಲೆಂದು ಈ ಕಾಗದ ಬರೆಯುತ್ತಿದ್ದೇನೆ. ಮೊದಲು ಇಷ್ಟು ಕೇಳು: ಇವತ್ತು ರಾತ್ರಿಯ ಮಾತ್ರೆ ತಪ್ಪಿಸಬೇಡ. ಉಳಿದದ್ದನ್ನು ನಾಳೆ ಓದಿದರೂ ಆದೀತು.

ಪೌಲನ ಮೈಗೆ ತಾಗಿದ ಕೈವಸ್ತ್ರಗಳನ್ನು ರೋಗಿಗಳ ಹತ್ತಿರ ಒಯ್ದಾಗ ಅವರಿಗೆ ವಾಸಿಯಾಯಿತು ಎಂದು ಅಪೊಸ್ತಲರ ಕೃತ್ಯಗಳಲ್ಲಿ ಓದಿದ್ದೀಯ. ಅದೇ ಪೌಲ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯ ಅಧ್ಯಾಯ ತೆಗೆದು ನೋಡು. ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದೆ ಅನ್ನುತ್ತಾನೆ. ಅವನ ನಂಬಿಕೆ ಸಾಲದಾಯಿತು ಅಂತ ಒಂದಕ್ಷರವೂ ಅಲ್ಲಿಲ್ಲ. ಮೊದಲನೆಯ ಪತ್ರದಲ್ಲಿ ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದು ಮದ್ದೂ ಹೇಳಿದ್ದಾನೆ. ಅವನ ಜೊತೆ ತಿರುಗಿದ ಲೂಕ ವೈದ್ಯನೇ. ನಮ್ಮ ಕೂಟಗಳಲ್ಲಿ ಕೈವಸ್ತ್ರದ ಪ್ರಸಂಗ ಎಷ್ಟು ಕೇಳುತ್ತೇವೆ! ತ್ರೊಫಿಮನ ಹೆಸರು ಎತ್ತುವವರೇ ಇಲ್ಲ.

ಮನೋರೋಗ ವಿಭಾಗದಲ್ಲಿ ನರ್ಸ್ ಆಗಿ ದುಡಿದವಳು ನಾನು. ಒಂದು ಬೇಸಿಗೆಯಲ್ಲಿ ಒಬ್ಬ ಹುಡುಗನನ್ನು ಮನೆಯವರು ಎರಡೂ ಕಡೆಯಿಂದ ತೋಳು ಹಿಡಿದು ಕರೆತಂದರು. ಬೈಪೋಲಾರ್ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುತ್ತಿದ್ದವನು. ಮಾತ್ರೆ ಬಿಟ್ಟಿರಲಿಲ್ಲ, ಆದರೆ ಮೂರು ದಿನ ಹನಿ ನೀರೂ ಮುಟ್ಟದೆ ಉಪವಾಸ ಕೂತಿದ್ದ. ಕೈ ನಡುಗಿ ಸ್ಟೀಲ್ ಲೋಟ ಹಲ್ಲಿಗೆ ಬಡಿಯುತ್ತಿತ್ತು, ನೀರೆಲ್ಲ ಅಂಗಿಯ ಮೇಲೆ. ಮಾತು ತೊದಲು, ಹೆಜ್ಜೆ ಕುಡಿದವನ ಹಾಗೆ, ಜೊತೆಗೆ ವಾಂತಿ. ದುರಾತ್ಮ ಬಿಟ್ಟು ಹೋಗುವಾಗ ಹೀಗೇ ಆಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಒಂದು ದಿನ ತಡಮಾಡಿದ್ದರು. ಮೈಯಲ್ಲಿ ನೀರು ಇಳಿದರೆ ಮೂತ್ರಪಿಂಡ ಲಿಥಿಯಂ ಅನ್ನು ಹೊರಗೆ ಕಳಿಸದೆ ಹಿಡಿದಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಅದರ ಮಟ್ಟ ಏರಿ ವಿಷವಾಗುತ್ತದೆ. ಡ್ರಿಪ್ ಹಾಕಿ, ಮತ್ತೆ ಮತ್ತೆ ರಕ್ತ ಪರೀಕ್ಷೆ ಮಾಡಿ ಅವನನ್ನು ಉಳಿಸಿಕೊಂಡೆವು. ಉಪವಾಸ ಮಾಡಲೇಬೇಡ ಅನ್ನುತ್ತಿಲ್ಲ. ನೀನು ತಿನ್ನುವ ಮಾತ್ರೆಗೆ ಉಪವಾಸ ಒಗ್ಗುತ್ತದೋ ಇಲ್ಲವೋ ಡಾಕ್ಟರನ್ನು ಕೇಳು. ಒಗ್ಗದಿದ್ದರೆ ಊಟ ಮಾಡಿಯೇ ಮೊಣಕಾಲೂರು, ಕರ್ತನು ಬೇಸರಪಟ್ಟುಕೊಳ್ಳುವುದಿಲ್ಲ.

ನಿನಗೆ ಕೊಟ್ಟಿರುವುದು ಖಿನ್ನತೆಯ ಮಾತ್ರೆ. ಅದರ ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಹೊಟ್ಟೆ ತೊಳಸುವುದು, ತಲೆನೋವು ಇವೇ ಮೊದಲು ಬರುತ್ತವೆ, ನೆಮ್ಮದಿ ಆಮೇಲೆ. ನಿನ್ನ ಹಾಗೆ ಎಳೆಯ ವಯಸ್ಸಿನವರಿಗೆ ಶುರುವಿನ ವಾರಗಳಲ್ಲಿ ಚಡಪಡಿಕೆ ಅಥವಾ ಸಾಯುವ ಯೋಚನೆ ಹೆಚ್ಚಾದರೆ ಕೂಡಲೇ ಡಾಕ್ಟರಿಗೆ ತಿಳಿಸಬೇಕು. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಿ, ಆಮೇಲೆ ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಕಳವಳ, ನಿದ್ದೆಗೇಡು ಶುರುವಾಗಬಹುದು. ಆಗ ಅದನ್ನು ಸೈತಾನನ ಕಾಟ ಎಂದು ಹೆದರಿಸುವವರು ಸಿಗುತ್ತಾರೆ. ಅಲ್ಲ ಮಗಳೇ, ಅದು ಮಾತ್ರೆ ಸರಕ್ಕನೆ ನಿಂತದ್ದಕ್ಕೆ ಮೈ ತೋರುವ ತೊಂದರೆ.

ಸಾಯಬೇಕು ಅನ್ನಿಸಿದರೆ, ಪಾಪದ ಯೋಚನೆ ಎಂದು ಬಚ್ಚಿಡಬೇಡ. ಎಲೀಯನೂ ಯೋನನೂ ಸಾವು ಬೇಡಿದರು, ಅದನ್ನು ದೇವರ ಮುಂದೆ ಬಾಯಿಬಿಟ್ಟೇ ಹೇಳಿದರು. ನೀನೂ ಆ ಗಳಿಗೆಯಲ್ಲೇ ಅಮ್ಮನಿಗೋ ಅಣ್ಣನಿಗೋ ಹೇಳು, ಒಬ್ಬಳೇ ಇರಬೇಡ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಮದುವೆ ಮಾತಿಗೆ ಅಡ್ಡಿಯಾದೀತು ಎಂದು ನಿನ್ನ ಅಮ್ಮ ಹೆದರಿದ್ದಾರೆ, ಗೊತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿನ್ನ ಕಾಯಿಲೆಯ ವಿಷಯವನ್ನು ಗುಟ್ಟಾಗಿಡುವುದು ಆಸ್ಪತ್ರೆಯವರ ಕರ್ತವ್ಯ. ಡಾಕ್ಟರು ನಿನ್ನ ಪ್ರಾರ್ಥನೆಯನ್ನು ಹಗುರ ಮಾಡಿ ಮಾತಾಡಿದರೆ ಬೇರೆ ಡಾಕ್ಟರನ್ನು ಹುಡುಕು, ಚಿಕಿತ್ಸೆ ಮಾತ್ರ ಬಿಡಬೇಡ.

ಆಸ್ಪತ್ರೆ ಲೋಕದ ದಾರಿ ಅನ್ನುವವರಿಗೆ ಒಂದು ಮಾತು ನೆನಪಿಸಬೇಕು. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಶುರುಮಾಡಿದ್ದು, 1900ರಲ್ಲಿ ವೆಲ್ಲೂರಿನಲ್ಲಿ ಐಡಾ ಸ್ಕಡರ್ ಒಂದೇ ಹಾಸಿಗೆಯಿಂದ ಆರಂಭಿಸಿದ್ದು, 1963ರಲ್ಲಿ ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಎದ್ದದ್ದು, ಎಲ್ಲ ಪ್ರಾರ್ಥಿಸುವ ಜನರ ಕೆಲಸವೇ. ಮೂರರಲ್ಲೂ ಇವತ್ತು ಮನೋರೋಗ ವಿಭಾಗ ಇದೆ. ವೆಲ್ಲೂರಿನ ಬಾಗಾಯಂ ಕೇಂದ್ರದಲ್ಲಂತೂ ರೋಗಿಯ ಜೊತೆ ಮನೆಯವರೂ ಉಳಿದು ಆರೈಕೆ ಕಲಿಯುತ್ತಾರೆ. ಈ ಕ್ರಮ ನನಗೆ ತುಂಬ ಮೆಚ್ಚುಗೆ, ಮನೆಗೆ ಹೋದ ಮೇಲೆ ನೋಡಿಕೊಳ್ಳಬೇಕಾದವರು ಅವರೇ ತಾನೇ.

ಕೂಟದಲ್ಲಿ ಮತ್ತೆ ಯಾರಾದರೂ ಕೇಳಿದರೆ, "ಪ್ರಾರ್ಥನೆ ಮಾಡಿ ಆಂಟಿ, ಮಾತ್ರೆಯ ವಿಷಯ ಡಾಕ್ಟರು ನೋಡಿಕೊಳ್ಳುತ್ತಾರೆ" ಅನ್ನು, ಸಾಕು. ಪಾಸ್ಟರ್ ಅಯ್ಯನವರಿಗೆ ಈ ಕಾಗದ ತೋರಿಸು, ಮುಂದಿನ ಸಲ ನಿನ್ನ ಜೊತೆ ಆಸ್ಪತ್ರೆಗೆ ಬರಲು ಕೇಳು. ಅವರಿಗೆ ಬಿಡುವಾಗದಿದ್ದರೆ ನಾನೇ ಬರುತ್ತೇನೆ. ಹಳೆಯ ಚೀಟಿ, ಉಳಿದ ಮಾತ್ರೆ ಎರಡನ್ನೂ ತೆಗೆದುಕೊಂಡು ಬಾ, ಮತ್ತೆ ಬೆಳಿಗ್ಗೆ ತಿಂಡಿ ತಿಂದು ಹೊರಡು. ಓಪಿಡಿಯಲ್ಲಿ ಮಧ್ಯಾಹ್ನದ ತನಕ ಕಾಯಬೇಕಾದೀತು.

ನಿನ್ನ ಸಭೆಯ
ಆಂಟಿ