ಕೆಲಸದ ಪಟ್ಟಿಯೂ ಕೆಲಸ ಮಾಡುವ ಯಂತ್ರವೂ

ಮದುವೆಯ ಮನೆಯಲ್ಲಿ ಹಿರಿಯರೊಬ್ಬರು ಕಾಗದ ಹಿಡಿದು ಕುಳಿತು ಮಾಡತಕ್ಕ ಕೆಲಸಗಳನ್ನು ಸಾಲಾಗಿ ಬರೆಯುವುದೂ, ಆದ ಕೆಲಸದ ಎದುರಿಗೆ ಗುರುತು ಹಾಕುವುದೂ ನಮಗೆಲ್ಲರಿಗೂ ಪರಿಚಿತವಾದ ಸಂಗತಿ. ಪಟ್ಟಿಯು ನೆನಪಿಗೆ ಊರುಗೋಲು. ಆದರೆ ಅದು ತಾನಾಗಿ ತೆಂಗಿನಕಾಯಿ ತರಲಾರದು, ಪುರೋಹಿತರನ್ನು ಕರೆಯಲಾರದು. ನೆನಪಿಡುವುದು ಒಂದು ಕೆಲಸ, ಮಾಡುವುದು ಇನ್ನೊಂದು. ಈ ಎರಡನ್ನೂ ಜೋಡಿಸಿ, ಪಟ್ಟಿಯಲ್ಲಿ ಬರೆದ ಕೆಲವು ಕೆಲಸಗಳನ್ನು ಗಣಕಯಂತ್ರವೇ ಅಂತರ್ಜಾಲದಲ್ಲಿ ಮಾಡಿ ಮುಗಿಸುವಂತೆ ಏರ್ಪಡಿಸುವುದು ಇಂದು ಸಾಧ್ಯವಾಗಿದೆ. ಅದು ಹೇಗೆ, ಅದರಲ್ಲಿ ಯಾವ ಎಚ್ಚರವಿರಬೇಕು ಎಂಬುದನ್ನು ಮೇಲಿನ ತರಗತಿಗಳ ವಿದ್ಯಾರ್ಥಿಗಳಿಗೂ ಶಿಕ್ಷಕಮಿತ್ರರಿಗೂ ತಿಳಿಸುವುದೇ ಈ ಪಾಠದ ಉದ್ದೇಶ.

೧. ಪಟ್ಟಿ

ಮೊಬೈಲಿನಲ್ಲಿ ಕೆಲಸಗಳ ಪಟ್ಟಿಯನ್ನಿಡುವ ಆ್ಯಪ್‌ಗಳು ಅನೇಕವಿವೆ. ಉದಾಹರಣೆಗೆ, ಅಮೀರ್ ಸಾಲಿಹೆಫೆಂಡಿಚ್ ಎಂಬವರು ೨೦೦೭ರಲ್ಲಿ ಆರಂಭಿಸಿದ ‘ಟುಡೂಇಸ್ಟ್’ ಎಂಬುದನ್ನು ತೆಗೆದುಕೊಳ್ಳೋಣ. ಇದರಲ್ಲಿ ಪ್ರತಿಯೊಂದು ಕೆಲಸಕ್ಕೂ ಒಂದು ಗುರುತಿನ ಸಂಖ್ಯೆ, ಒಂದು ಹೆಸರು, ಬೇಕಾದರೆ ಒಂದು ತಾರೀಖು, ಒಂದು ಚೀಟಿ, ಮತ್ತು ಆಯಿತೋ ಇಲ್ಲವೋ ಎಂಬ ಸೂಚನೆ ಇರುತ್ತವೆ. ಕೆಲಸದ ಕೆಳಗೆ ಟಿಪ್ಪಣಿಯನ್ನೂ ಬರೆಯಬಹುದು.

ಮನುಷ್ಯರು ಈ ಪಟ್ಟಿಯನ್ನು ಪರದೆಯ ಮೇಲೆ ನೋಡುತ್ತಾರೆ. ಬೇರೆ ಪ್ರೋಗ್ರಾಮುಗಳಿಗಾದರೋ ಇನ್ನೊಂದು ದಾರಿಯಿದೆ. ಅದಕ್ಕೆ ಎಪಿಐ ಎಂದು ಹೆಸರು. ಕಚೇರಿಯ ಕಿಟಕಿಯಲ್ಲಿ ಸರಿಯಾದ ನಮೂನೆಯಲ್ಲಿ ಅರ್ಜಿ ಕೊಟ್ಟವರಿಗೆ ಸರಿಯಾದ ನಮೂನೆಯಲ್ಲಿ ಉತ್ತರ ದೊರೆಯುವಂತೆ, ‘ಇಂದಿನ ಕೆಲಸಗಳನ್ನು ಕೊಡು’ ಎಂದು ಪ್ರೋಗ್ರಾಮು ಕೇಳಿದರೆ ಪಟ್ಟಿಯು ಉತ್ತರ ಕೊಡುತ್ತದೆ. ಕೇಳುವವರು ಯಾರೆಂದು ತಿಳಿಯುವುದಕ್ಕಾಗಿ ‘ಟೋಕನ್’ ಎಂಬ ಉದ್ದನೆಯ ಗುಪ್ತಾಕ್ಷರಮಾಲೆಯಿದೆ. ಅದು ಬೀರುವಿನ ಬೀಗದ ಕೈಯಿದ್ದಂತೆ. ಪರರ ಕೈಗೆ ಸಿಕ್ಕರೆ ಇಡೀ ಪಟ್ಟಿಯೇ ಅವರ ವಶವಾಗುತ್ತದೆ.

೨. ಬ್ರೌಸರು

ಟಿಮ್ ಬರ್ನರ್ಸ್-ಲೀ ಅವರು ೧೯೯೦ರಲ್ಲಿ ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ಮೊದಲ ಬ್ರೌಸರನ್ನು ರಚಿಸಿದಾಗ, ಅದು ಮನುಷ್ಯರು ಕಣ್ಣಿನಿಂದ ಓದುವುದಕ್ಕಾಗಿ ಹುಟ್ಟಿದ ಸಾಧನವಾಗಿತ್ತು. ಅದನ್ನು ಇನ್ನೊಂದು ಪ್ರೋಗ್ರಾಮಿನಿಂದ ನಡೆಯಿಸುವುದಕ್ಕೆ ಬ್ರೌಸರ್ ಆಟೋಮೇಷನ್ ಎನ್ನುತ್ತಾರೆ. ಪುಟವನ್ನು ತೆರೆ, ಈ ಖಾನೆಯಲ್ಲಿ ಇದನ್ನು ಬರೆ, ಆ ಬಟನನ್ನು ಒತ್ತು, ಬಂದ ಕಡತವನ್ನು ಇಲ್ಲಿ ಇಡು ಎಂಬ ಆಜ್ಞೆಗಳನ್ನು ಅದು ಕ್ರಮವಾಗಿ ನೆರವೇರಿಸುತ್ತದೆ.

ಈ ಬಗೆಯ ಸಾಧನಗಳಲ್ಲಿ ಬಹು ಪ್ರಸಿದ್ಧವಾದುದು ‘ಸೆಲೆನಿಯಮ್’. ಇದನ್ನು ೨೦೦೪ರಲ್ಲಿ ಷಿಕಾಗೋ ನಗರದ ಥಾಟ್‌ವರ್ಕ್ಸ್ ಕಚೇರಿಯಲ್ಲಿ ಜೇಸನ್ ಹಗಿನ್ಸ್ ಎಂಬವರು ಜಾಲಪುಟಗಳ ಪರೀಕ್ಷೆಗಾಗಿ ರಚಿಸಿದರು. ರಸಾಯನಶಾಸ್ತ್ರ ಓದುವವರಿಗೆ ಹೆಸರಿನ ಸ್ವಾರಸ್ಯ ತಿಳಿಯದಿರದು: ಪಾದರಸದ ವಿಷಕ್ಕೆ ಸೆಲೆನಿಯಮ್ ಮದ್ದು ಎಂಬ ಮಾತನ್ನು ಹಿಡಿದು, ‘ಮರ್ಕ್ಯುರಿ’ ಎಂಬ ಪ್ರತಿಸ್ಪರ್ಧಿ ಸಂಸ್ಥೆಯನ್ನು ಕುರಿತು ಆಡಿದ ಹಾಸ್ಯದಿಂದ ಅದು ಬಂತು. ಗೂಗಲ್ ಸಂಸ್ಥೆಯ ‘ಪಪೆಟಿಯರ್’ ೨೦೧೭ರಲ್ಲಿಯೂ ಮೈಕ್ರೋಸಾಫ್ಟ್ ಸಂಸ್ಥೆಯ ‘ಪ್ಲೇರೈಟ್’ ೨೦೨೦ರಲ್ಲಿಯೂ ಹೊರಬಂದವು.

ಇವುಗಳನ್ನು ಬಳಸುವವರು ಎರಡು ಮಾತುಗಳನ್ನು ನೆನಪಿಡಬೇಕು. ಬಟನನ್ನು ಅದಿರುವ ಸ್ಥಾನದಿಂದ ಗುರುತಿಸದೆ ಅದರ ಮೇಲಿನ ಬರಹದಿಂದ ಗುರುತಿಸಬೇಕು; ಸ್ಥಾನವು ನಾಳೆ ಬದಲಾದೀತು. ಮತ್ತು ಪುಟವು ಪೂರ್ತಿಯಾಗಿ ಬರುವವರೆಗೆ ಕಾಯುವಂತೆ ಯಂತ್ರಕ್ಕೆ ಹೇಳಬೇಕು. ಅವಸರದ ಯಂತ್ರವು ಇನ್ನೂ ಬಾರದ ಬಟನನ್ನು ಹುಡುಕಿ ಸೋಲುತ್ತದೆ.

೩. ಜೋಡಣೆ

ಶಾಲೆಯ ಕಚೇರಿಯ ಪಟ್ಟಿಯಲ್ಲಿ ಕೆಲವು ಕೆಲಸಗಳಿಗೆ ಮಾತ್ರ ‘ಯಂತ್ರ’ ಎಂಬ ಚೀಟಿಯನ್ನು ಅಂಟಿಸಿದ್ದೇವೆ ಎನ್ನೋಣ. ಅನಂತರದ ಕ್ರಮ ಹೀಗೆ:

ಮೊದಲನೆಯದಾಗಿ, ಪ್ರೋಗ್ರಾಮು ನಿಗದಿಯಾದ ವೇಳೆಗೆ ಎದ್ದು, ಆ ಚೀಟಿಯುಳ್ಳ ಇಂದಿನ ಕೆಲಸಗಳನ್ನು ಪಟ್ಟಿಯಿಂದ ಕೇಳಿ ಪಡೆಯುತ್ತದೆ. ಹೊಸ ಕೆಲಸ ಬಂದೊಡನೆ ಪಟ್ಟಿಯೇ ಕರೆಗಂಟೆ ಬಾರಿಸುವ ‘ವೆಬ್‌ಹುಕ್’ ಎಂಬ ಏರ್ಪಾಡೂ ಉಂಟು. ಆದರೆ ಅದಕ್ಕೆ ಸದಾ ಎಚ್ಚರವಾಗಿರುವ ಗಣಕಯಂತ್ರ ಬೇಕಾದುದರಿಂದ, ಸಂಜೆಗೆ ಬಾಗಿಲು ಮುಚ್ಚುವ ಕಚೇರಿಗೆ ಮೊದಲ ಕ್ರಮವೇ ಸಾಕು.

ಎರಡನೆಯದಾಗಿ, ಕೆಲಸದ ಹೆಸರನ್ನು ಓದಿ, ಯಾವ ವಿಧಿಯನ್ನು ಅನುಸರಿಸಬೇಕೆಂದು ಗೊತ್ತುಮಾಡಿಕೊಳ್ಳುತ್ತದೆ. ‘ನೋಡು’ ಎಂದರೆ ಪ್ರಕಟಣೆಯ ಪುಟದಲ್ಲಿ ಹೊಸತೇನಾದರೂ ಬಂದಿದೆಯೇ ಎಂದು ಪರೀಕ್ಷಿಸುವುದು. ‘ತೆಗೆದುಕೊ’ ಎಂದರೆ ಹೇಳಿದ ಕಡತವನ್ನು ತಂದಿಡುವುದು. ಇಲ್ಲಿ ಕನ್ನಡಿಗರು ತಿಳಿಯಬೇಕಾದ ಒಂದು ಸೂಕ್ಷ್ಮವಿದೆ. ‘ಕೊ’ ಎಂಬಲ್ಲಿನ ಒಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು. ಎಕಾರದ ಚಿಹ್ನೆಯನ್ನೂ ಊಕಾರದ ಚಿಹ್ನೆಯನ್ನೂ ಕೂಡಿಸಿಯೂ ಬರೆಯಬಹುದು. ನಮ್ಮ ಕಣ್ಣಿಗೆ ಎರಡೂ ಒಂದೇ; ಯಂತ್ರಕ್ಕೆ ಬೇರೆ ಬೇರೆ. ಆದುದರಿಂದ ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಇದಕ್ಕೆ ನಾರ್ಮಲೈಸೇಷನ್ ಎಂದು ಹೆಸರು. ಪೈಥಾನ್ ಮೊದಲಾದ ಭಾಷೆಗಳಲ್ಲಿ ಸಿದ್ಧ ಸೌಕರ್ಯವಿದೆ.

ಮೂರನೆಯದಾಗಿ, ಬ್ರೌಸರನ್ನು ತೆರೆದು ಕೆಲಸವನ್ನು ನಡೆಯಿಸುತ್ತದೆ. ನಾಲ್ಕನೆಯದಾಗಿ, ಫಲವನ್ನು ಪರೀಕ್ಷಿಸುತ್ತದೆ. ಐದನೆಯದಾಗಿ, ಪಟ್ಟಿಗೆ ಹಿಂತಿರುಗಿ ‘ಆಯಿತು’ ಎಂದು ಗುರುತು ಹಾಕುತ್ತದೆ. ಕೆಲಸವು ಎದುರು ದಿಕ್ಕಿನಲ್ಲಿಯೂ ನಡೆಯಬಹುದು: ವಿದ್ಯಾರ್ಥಿವೇತನದ ಹೊಸ ಪ್ರಕಟಣೆ ಕಂಡರೆ, ಅದರ ಕೊನೆಯ ದಿನಾಂಕದೊಡನೆ ಪಟ್ಟಿಯಲ್ಲಿ ಒಂದು ಹೊಸ ಕೆಲಸವನ್ನು ಬರೆಯಬಹುದು.

೪. ಗುರುತು ಹಾಕುವ ಅಧಿಕಾರ

ಮೇಲಿನ ಐದರಲ್ಲಿ ನಾಲ್ಕನೆಯದೇ ಮುಖ್ಯ. ಅವಸರದಲ್ಲಿ ಬಿಟ್ಟುಹೋಗುವುದೂ ಅದೇ. ಬಟನನ್ನು ಒತ್ತಿದ ಮಾತ್ರಕ್ಕೆ ಕೆಲಸವಾದಂತಲ್ಲ.

ಒಂದು ಉದಾಹರಣೆಯಿಂದ ಇದು ವಿಶದವಾಗುತ್ತದೆ. ಗುಮಾಸ್ತರು ತಾವೇ ಪಾಸ್‌ವರ್ಡು ಕೊಟ್ಟು ಜಾಲತಾಣವನ್ನು ಪ್ರವೇಶಿಸಿ, ೩೦ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಯ ರಸೀದಿಗಳನ್ನು ಒಂದೊಂದಾಗಿ ತೆಗೆದಿಡುವಂತೆ ಯಂತ್ರಕ್ಕೆ ಒಪ್ಪಿಸಿದರೆನ್ನೋಣ. ೧೮ ರಸೀದಿಗಳು ಬಂದ ಮೇಲೆ ಜಾಲತಾಣದ ಕಾಲಾವಧಿ ಮುಗಿಯಿತು. ಉಳಿದ ೧೨ ಮಕ್ಕಳ ಹೆಸರಿನಲ್ಲಿ ಯಂತ್ರವು ತೆಗೆದಿಟ್ಟದ್ದು ರಸೀದಿಯನ್ನಲ್ಲ, ‘ಮತ್ತೆ ಪ್ರವೇಶಿಸಿರಿ’ ಎಂಬ ಪುಟವನ್ನು. ಕಡತಗಳನ್ನು ಎಣಿಸಿದರೆ ಸರಿಯಾಗಿ ೩೦ ಇವೆ. ಯಂತ್ರವು ‘ಆಯಿತು’ ಎಂದು ಗುರುತು ಹಾಕುತ್ತದೆ. ಕೆಲಸವು ಪಟ್ಟಿಯಿಂದ ಮರೆಯಾಗುತ್ತದೆ. ಆ ೧೨ ಮಕ್ಕಳಲ್ಲಿ ಒಬ್ಬಳ ಅರ್ಜಿಯು ಸಲ್ಲಿಕೆಯಾಗದೆ ಅರ್ಧದಲ್ಲಿಯೇ ನಿಂತಿದ್ದರೆ, ಅದನ್ನು ಇನ್ನು ನೋಡುವವರು ಯಾರು? ಕೊನೆಯ ದಿನ ಕಳೆದುಹೋಗುತ್ತದೆ. ಬಡ ತಂದೆತಾಯಿಗಳ ಮಗಳಿಗೆ ಆ ವರ್ಷದ ನೆರವು ತಪ್ಪುತ್ತದೆ. ಪಟ್ಟಿಯೇ ಇಲ್ಲದಿದ್ದರೆ ಯಾರಾದರೂ ಸಂದೇಹದಿಂದ ವಿಚಾರಿಸುತ್ತಿದ್ದರು. ಸುಳ್ಳು ಗುರುತು ಆ ಸಂದೇಹವನ್ನೂ ಅಳಿಸಿಹಾಕಿತು.

ಆದಕಾರಣ ನಿಯಮವಿದು: ಕೆಲಸವನ್ನು ಬರೆಯುವಾಗಲೇ ಅದರ ಸಾಕ್ಷ್ಯ ಯಾವುದೆಂಬುದನ್ನೂ ಬರೆಯಬೇಕು. ರಸೀದಿಯೊಳಗೆ ಆಯಾ ಮಗುವಿನ ಹೆಸರೂ ಅರ್ಜಿಯ ಸಂಖ್ಯೆಯೂ ಇದ್ದರೆ ಮಾತ್ರ ಗುರುತು. ಇಲ್ಲವಾದರೆ ಕೆಲಸವು ಪಟ್ಟಿಯಲ್ಲಿಯೇ ಉಳಿಯಬೇಕು, ಕಾರಣವು ಟಿಪ್ಪಣಿಯಲ್ಲಿ ಕಾಣಬೇಕು. ಮೂವತ್ತಕ್ಕೂ ಸೇರಿ ಒಂದೇ ಗುರುತನ್ನಿಡದೆ, ಮಗುವಿಗೊಂದರಂತೆ ೩೦ ಕೆಲಸಗಳನ್ನಿಡುವುದು ಇನ್ನೂ ಮೇಲು. ಹಾಗೆಯೇ, ನಡುವೆ ಸಂಪರ್ಕ ಕಡಿದಾಗ ಮೊದಲಿಂದ ಮತ್ತೆ ಮಾಡುವ ಮುಂಚೆ, ಅದು ಆಗಲೇ ಆಗಿದೆಯೇ ಎಂದು ನೋಡಬೇಕು. ಇಲ್ಲವಾದರೆ ಒಂದೇ ಅರ್ಜಿ ಎರಡು ಬಾರಿ ಹೋದೀತು.

೫. ಯಂತ್ರವು ನಿಲ್ಲಬೇಕಾದ ಎಡೆಗಳು

ಮನುಷ್ಯನನ್ನೂ ಯಂತ್ರವನ್ನೂ ಬೇರ್ಪಡಿಸಲು ಜಾಲಪುಟಗಳಲ್ಲಿ ವಕ್ರಾಕ್ಷರಗಳ ಪರೀಕ್ಷೆಯಿರುವುದನ್ನು ಎಲ್ಲರೂ ಕಂಡಿದ್ದಾರೆ. ಇದಕ್ಕೆ ‘ಕ್ಯಾಪ್ಚಾ’ ಎಂಬ ಹೆಸರನ್ನು ಲೂಯಿಸ್ ವಾನ್ ಆನ್, ಮ್ಯಾನ್ಯುಯೆಲ್ ಬ್ಲಮ್ ಮೊದಲಾದವರು ೨೦೦೩ರ ಪ್ರಬಂಧದಲ್ಲಿ ವಿವರಿಸಿದರು. ಕ್ಯಾಪ್ಚಾ ಬಂದಲ್ಲಿ, ಮೊಬೈಲಿಗೆ ಒಟಿಪಿ ಬಂದಲ್ಲಿ, ಯಂತ್ರವು ನಿಂತು ಮನುಷ್ಯನನ್ನು ಕರೆಯಬೇಕು, ಕಳ್ಳದಾರಿ ಹುಡುಕಬಾರದು. ಹಣ ಪಾವತಿ, ‘ಮೇಲಿನದು ಸತ್ಯ’ ಎಂಬ ದೃಢೀಕರಣ, ಅರ್ಜಿಯ ಸಲ್ಲಿಕೆ ಇವು ಹೊಣೆಯುಳ್ಳ ಮನುಷ್ಯನ ಕೈಯಿಂದಲೇ ಆಗತಕ್ಕವು. ಜಾಲತಾಣದ ನಿಯಮಗಳು ಯಂತ್ರವನ್ನು ನಿಷೇಧಿಸಿದ್ದರೆ ಅದನ್ನು ಮನ್ನಿಸಬೇಕು. ಪಾಸ್‌ವರ್ಡನ್ನೂ ಟೋಕನ್ನನ್ನೂ ಹಲವರು ನೋಡುವ ಪಟ್ಟಿಯಲ್ಲಿ ಬರೆಯಲೇಬಾರದು.

ಆಡುಮಾತಿನ ಆಜ್ಞೆಯನ್ನೇ ತಿಳಿದು ಬ್ರೌಸರನ್ನು ನಡೆಯಿಸುವ ಕೃತಕ ಬುದ್ಧಿಯ ಸಾಧನಗಳು ೨೦೨೪ರಿಂದೀಚೆಗೆ ಸಾರ್ವಜನಿಕರ ಕೈಗೂ ಬಂದಿವೆ. ಅವುಗಳಿಗೆ ವಿಧಿಯನ್ನು ಒಂದೊಂದಾಗಿ ಬರೆದುಕೊಡಬೇಕಾಗಿಲ್ಲ. ಆದರೆ ಜಾಲಪುಟದಲ್ಲಿ ಯಾರೋ ಅಡಗಿಸಿಟ್ಟ ಮಾತನ್ನು ಒಡೆಯನ ಆಜ್ಞೆಯೆಂದೇ ಭಾವಿಸುವ ಅಪಾಯ ಅವುಗಳಿಗುಂಟು. ಆದುದರಿಂದ ಸಾಕ್ಷ್ಯದ ನಿಯಮವು ಅಲ್ಲಿ ಇನ್ನಷ್ಟು ಬಿಗಿಯಾಗಿರಬೇಕು.

ಅಭ್ಯಾಸ

ವಿದ್ಯಾರ್ಥಿಗಳು ಪ್ರೋಗ್ರಾಮು ಬರೆಯಲು ತೊಡಗುವ ಮೊದಲು ಒಂದು ಹಾಳೆಯನ್ನು ತೆಗೆದುಕೊಂಡು ಮೂರು ಕಲಮುಗಳನ್ನು ಎಳೆಯಲಿ. ಮೊದಲನೆಯದರಲ್ಲಿ ಈ ವಾರ ಅಂತರ್ಜಾಲದಲ್ಲಿ ಮಾಡಬೇಕಾದ ಹತ್ತು ಕೆಲಸಗಳನ್ನೂ, ಎರಡನೆಯದರಲ್ಲಿ ಅದು ಯಂತ್ರಕ್ಕೆ ತಕ್ಕುದೋ ಮನುಷ್ಯನಿಗೆ ತಕ್ಕುದೋ ಎಂಬುದನ್ನೂ, ಮೂರನೆಯದರಲ್ಲಿ ಅದು ಆಯಿತೆಂಬುದಕ್ಕೆ ಸಾಕ್ಷ್ಯವೇನೆಂಬುದನ್ನೂ ಬರೆಯಲಿ. ಮೂರನೆಯ ಕಲಮು ಖಾಲಿಯಾಗಿ ಉಳಿದ ಕೆಲಸವನ್ನು ಸದ್ಯಕ್ಕೆ ಯಂತ್ರಕ್ಕೆ ಒಪ್ಪಿಸದಿರಲಿ.